ಪುಟ್ಟ ಅಂಗಳ, ದೊಡ್ಡ ನಾದ: ರಾಕ್ ಸಂಗೀತದ ಇರುಳುಗಳೂ ಕಿವಿಯ ಆರೋಗ್ಯವೂ

ಶನಿವಾರದ ಇರುಳು. ಗಂಟೆ ಹನ್ನೊಂದೂವರೆ ದಾಟಿದೆ. ಆರ್ಕಾಟು ರಸ್ತೆಯೂ ಪೂನಮಲ್ಲಿಯ ಹೆದ್ದಾರಿಯೂ ಸಂಧಿಸುವ ಪೋರೂರಿನ ವೃತ್ತದಲ್ಲಿ ಹಗಲಿನ ಸಂದಣಿ ಕರಗಿದೆ. ಆಟೋರಿಕ್ಷಾದಿಂದ ಇಳಿದ ತರುಣರ ಗುಂಪೊಂದು ತನಗರಿವಿಲ್ಲದಂತೆಯೇ ಗಟ್ಟಿದನಿಯಲ್ಲಿ ಮಾತನಾಡುತ್ತ ಮನೆಯ ಕಡೆಗೆ ಹೊರಟಿದೆ. ಬಾಗಿಲು ತೆರೆದ ತಾಯಿ "ಊಟ ಆಯ್ತೇನೋ? ಸಾರು ಬಿಸಿ ಮಾಡಲಾ?" ಎಂದು ಕೇಳುತ್ತಾರೆ. "ಆಂ? ಏನಮ್ಮಾ? ಸ್ವಲ್ಪ ಜೋರಾಗಿ ಹೇಳು" ಎನ್ನುತ್ತಾನೆ ಮಗ. "ನಿನ್ನ ಕಿವಿಗೇನಾಯ್ತೋ?" ಎಂದು ನಗುತ್ತ ತಾಯಿ ಅಡುಗೆಮನೆಗೆ ನಡೆಯುತ್ತಾರೆ.

ಇಂಥ ದೃಶ್ಯ ಮಹಾನಗರದ ಅನೇಕ ಕನ್ನಡ ಮನೆಗಳಿಗೆ ಅಪರಿಚಿತವಾದುದಲ್ಲ. ಸ್ಥಳೀಯ ರಾಕ್ ತಂಡವೊಂದು ಸಣ್ಣ ಸಭಾಂಗಣದಲ್ಲಿ ನುಡಿಸುವುದನ್ನು ಕೇಳಲು ಹೋಗಿ ಬರುವುದು ಇಂದಿನ ತರುಣರ ವಾರಾಂತ್ಯದ ದೊಡ್ಡ ಸಂತೋಷಗಳಲ್ಲಿ ಒಂದು. ಆದರೆ ತಾಯಿ ನಗುತ್ತ ಕೇಳಿದ ಪ್ರಶ್ನೆ ನಗೆಯಲ್ಲಿ ಮುಗಿಯತಕ್ಕದ್ದಲ್ಲ. ಆ ಇರುಳು ಮಗನ ಕಿವಿಗೆ ನಿಜವಾಗಿಯೂ ಏನೋ ಆಗಿದೆ. ಆಗಿದ್ದೇನು, ಅದು ಮರುದಿನಕ್ಕೆ ಸರಿಹೋಗುವುದೇ, ಹಾಗೆಯೇ ಹತ್ತು ವರ್ಷ ನಡೆದರೆ ಗತಿಯೇನು ಎಂಬುದನ್ನು ತಿಳಿದುಕೊಳ್ಳುವುದು ಹಿರಿಯರಿಗೂ ಕಿರಿಯರಿಗೂ ಅವಶ್ಯಕ. "ಅದೆಂಥ ಸಂಗೀತ, ಬರೀ ಗಲಾಟೆ" ಎಂದು ಹಿರಿಯರು ತಳ್ಳಿಹಾಕಿದರೆ ಮಕ್ಕಳು ಕಿವಿಗೊಡುವುದಿಲ್ಲ. "ಕಿವಿಗೆ ಏನೂ ಆಗುವುದಿಲ್ಲ" ಎಂದು ಕಿರಿಯರು ತಳ್ಳಿಹಾಕಿದರೆ ಮುಂದೆ ಕೊಡಲು ಕಿವಿಯೇ ಉಳಿಯದಿರಬಹುದು.

ಈ ಹವ್ಯಾಸದ ಹಿನ್ನೆಲೆ

ರಾಕ್ ಸಂಗೀತ ನಮ್ಮ ದಕ್ಷಿಣದ ನಗರಗಳಿಗೆ ನಿನ್ನೆ ಮೊನ್ನೆ ಬಂದುದಲ್ಲ. 1960ರ ದಶಕದಲ್ಲಿಯೇ ಮದರಾಸು, ಬೆಂಗಳೂರುಗಳ ಕಾಲೇಜು ವಿದ್ಯಾರ್ಥಿಗಳು ಗಿಟಾರು ಹಿಡಿದು 'ಬೀಟ್' ತಂಡಗಳನ್ನು ಕಟ್ಟಿದ್ದರು. 1970 ಮತ್ತು 1971ರಲ್ಲಿ ಸಿಗರೇಟು ಕಂಪನಿಯೊಂದರ ಆಶ್ರಯದಲ್ಲಿ ನಡೆದ 'ಸಿಮ್ಲಾ ಬೀಟ್' ಸ್ಪರ್ಧೆಗೆ ದೇಶದ ನಾನಾ ನಗರಗಳಿಂದ ತಂಡಗಳು ಬಂದವು; ಅವುಗಳ ಹಾಡುಗಳು ಧ್ವನಿಮುದ್ರಿಕೆಗಳಾಗಿಯೂ ಹೊರಬಂದವು. ಮದರಾಸಿನ ಐ.ಐ.ಟಿ.ಯ ವಿದ್ಯಾರ್ಥಿ ಉತ್ಸವ, ಹಿಂದೆ 'ಮಾರ್ಡಿ ಗ್ರಾ' ಎಂದೂ ಈಗ 'ಸಾರಂಗ್' ಎಂದೂ ಹೆಸರಾದದ್ದು, ರಾಕ್ ತಂಡಗಳಿಗೆ ಬಹುಕಾಲದಿಂದ ವೇದಿಕೆ ಕೊಟ್ಟಿದೆ. 2000ದ ದಶಕದಲ್ಲಿ ಅಡ್ಯಾರಿನ 'ಅನ್‌ವೈಂಡ್ ಸೆಂಟರ್' ಎಂಬ ಪುಟ್ಟ ತಾಣ ಚೆನ್ನೈಯ ಹೊಸ ತಂಡಗಳಿಗೆ ತವರುಮನೆಯಂತಿತ್ತು. 'ಜಂಕ್‌ಯಾರ್ಡ್ ಗ್ರೂವ್'ನಂಥ ಚೆನ್ನೈ ತಂಡಗಳು ದೇಶದಲ್ಲೆಲ್ಲ ಹೆಸರಾದದ್ದು ಆ ದಶಕದಲ್ಲಿಯೇ.

ಬೆಂಗಳೂರಿನ ಕಥೆ ಇನ್ನೂ ದೀರ್ಘವಾದದ್ದು. 1996ರಲ್ಲಿ ಹುಟ್ಟಿದ 'ಥರ್ಮಲ್ ಅಂಡ್ ಎ ಕ್ವಾರ್ಟರ್' ತಂಡ ತನ್ನ ಸಂಗೀತಕ್ಕೆ 'ಬೆಂಗಳೂರು ರಾಕ್' ಎಂದೇ ಹೆಸರಿಟ್ಟುಕೊಂಡಿತು. 2002ರಲ್ಲಿ ಆರಂಭವಾದ 'ಸ್ವರಾತ್ಮ' ತಂಡ ಜಾನಪದದ ಲಯವನ್ನು ವಿದ್ಯುತ್ ಗಿಟಾರಿನೊಡನೆ ಬೆಸೆಯಿತು. ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ, ಭರತನಾಟ್ಯ ಕಲಿತು, ಗಿಟಾರು ಹಿಡಿದ ರಘು ದೀಕ್ಷಿತರು 2008ರ ತಮ್ಮ ಮೊದಲ ಧ್ವನಿಸಂಪುಟದಲ್ಲಿ ಶಿಶುನಾಳ ಷರೀಫರ ತತ್ತ್ವಪದಗಳನ್ನು ಹೊಸ ಲಯದಲ್ಲಿ ಹಾಡಿದರು. ಹತ್ತೊಂಬತ್ತನೆಯ ಶತಮಾನದ ಸಂತನ ಮಾತು ಡ್ರಮ್ಮಿನ ತಾಳಕ್ಕೆ ಕುಣಿಯುವುದನ್ನು ಕೇಳಿ ಷರೀಫರ ಹೆಸರನ್ನು ಮೊದಲ ಬಾರಿಗೆ ಅರಿತ ತರುಣರೂ ಉಂಟು. ಆದ್ದರಿಂದ ಈ ಸಂಗೀತವನ್ನು ಪರಕೀಯವೆಂದು ಅಲ್ಲಗಳೆಯುವ ಕಾಲ ಕಳೆದಿದೆ. ಅದು ಕನ್ನಡದ ನಾಲಗೆಯನ್ನೂ ಕಲಿತಿದೆ.

ಪುಟ್ಟ ಸ್ಥಳದ ಸೊಗಸು

ದೊಡ್ಡ ಮೈದಾನದ ಕಛೇರಿಗೂ ಸಣ್ಣ ಸಭಾಂಗಣದ ಕಛೇರಿಗೂ ಬಹಳ ಅಂತರವಿದೆ. ಮೈದಾನದಲ್ಲಿ ಹಾಡುಗಾರ ಕಡಲೆಕಾಳಿನಷ್ಟು ಕಾಣುತ್ತಾನೆ. ಅವನ ಮುಖವನ್ನು ತೆರೆಯ ಮೇಲೆ ನೋಡಬೇಕು. ನೂರೇ ಜನ ಹಿಡಿಸುವ ಕೋಣೆಯಲ್ಲಿಯಾದರೋ ಗಿಟಾರು ನುಡಿಸುವವನ ಹಣೆಯ ಬೆವರು ಕಾಣುತ್ತದೆ. ತಂತಿ ಕಡಿದು ಅವನು ಬದಲಿಸುವುದೂ, ತಾಳ ತಪ್ಪಿದಾಗ ಡ್ರಮ್ಮಿನವನು ಕಣ್ಣಲ್ಲೇ ಎಚ್ಚರಿಸುವುದೂ ಕಾಣುತ್ತದೆ. ವೇದಿಕೆಯ ಮೇಲೆ ಇರುವವನು ಹಗಲೆಲ್ಲ ಪಕ್ಕದ ಮೇಜಿನಲ್ಲಿ ಲೆಕ್ಕ ಬರೆಯುವ ಸಹೋದ್ಯೋಗಿಯಾಗಿರಬಹುದು. ಬೆಲೆವೆಣ್ಣು ಬಾರದಿದ್ದರೂ, ಹೆಸರು ಬಾರದಿದ್ದರೂ, ತಮ್ಮದೇ ಹಾಡನ್ನು ತಾವೇ ಕಟ್ಟಿ ಹಾಡಬೇಕೆಂಬ ಹಟ ಅಲ್ಲಿ ಎದುರಿಗೇ ನಿಂತಿರುತ್ತದೆ.

ಊರು ಬಿಟ್ಟು ಬಂದವರಿಗೆ ಈ ಇರುಳುಗಳು ಮತ್ತೊಂದು ಬಗೆಯ ಉಪಕಾರ ಮಾಡುತ್ತವೆ. ಪೋರೂರು, ಮಣಪಾಕ್ಕಂಗಳ ತಂತ್ರಾಂಶ ಕಚೇರಿಗಳಿಗೆಂದು ಬಂದ ಹುಡುಗ ಹುಡುಗಿಯರಿಗೆ ಸಂಜೆಯ ಏಕಾಂತ ಭಾರವಾಗುವುದು ಸಹಜ. ಭಾಷೆ ಪೂರ್ತಿ ಬಾರದ ಊರಿನಲ್ಲಿ, ಪರಿಚಯವಿಲ್ಲದ ನೂರು ಜನರ ನಡುವೆ ನಿಂತು ಒಂದೇ ಲಯಕ್ಕೆ ತಲೆದೂಗುವಾಗ ಆ ಭಾರ ಇಳಿಯುತ್ತದೆ. ಮನಸ್ಸಿನ ಆರೋಗ್ಯದ ದೃಷ್ಟಿಯಿಂದ ಇದು ಸಣ್ಣ ಲಾಭವಲ್ಲ. ಇಂಥ ತಾಣಗಳು ಬಹಳ ನಾಜೂಕಾದುವೂ ಹೌದು. ಸಾರ್ವಜನಿಕ ಮನರಂಜನೆಯ ಪರವಾನಗಿಗೆ ಸಂಬಂಧಿಸಿದ 2005ರ ಆದೇಶವನ್ನು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಎತ್ತಿಹಿಡಿದ ಬಳಿಕ ಬೆಂಗಳೂರಿನ ಹಲವು ಕಡೆ ವೇದಿಕೆಗಳು ಮೌನವಾಗಿದ್ದವು. 2020ರ ಮಹಾಮಾರಿ ಎಲ್ಲೆಡೆಯ ವೇದಿಕೆಗಳನ್ನೂ ಮುಚ್ಚಿಸಿತು. ಮತ್ತೆ ಬಾಗಿಲು ತೆರೆದ ತಾಣಗಳನ್ನು ಪ್ರೀತಿಯಿಂದ ಉಳಿಸಿಕೊಳ್ಳಬೇಕಾದವರು ಶ್ರೋತೃಗಳೇ. ಆದರೆ ಶ್ರೋತೃ ಉಳಿಯಬೇಕಾದರೆ ಅವನ ಶ್ರೋತ್ರ ಉಳಿಯಬೇಕಷ್ಟೆ.

ಸದ್ದು ಏಕೆ ಏರುತ್ತದೆ?

ಸಣ್ಣ ಜಾಗವಾದ್ದರಿಂದ ಸದ್ದೂ ಸಣ್ಣದಿರಬಹುದೆಂದು ಅನೇಕರು ಎಣಿಸುತ್ತಾರೆ. ವಾಸ್ತವ ಇದಕ್ಕೆ ವಿರುದ್ಧವಾದದ್ದು. ಬಯಲಿನಲ್ಲಿ ಧ್ವನಿಯ ಮೂಲದಿಂದ ದೂರ ಇಮ್ಮಡಿಯಾದಂತೆಲ್ಲ ಸದ್ದು ಸುಮಾರು 6 ಡೆಸಿಬಲ್‌ನಷ್ಟು ಇಳಿಯುತ್ತದೆ. ಸಣ್ಣ ಕೋಣೆಯಲ್ಲಿ ಹಾಗೆ ದೂರ ಸರಿಯಲು ಸ್ಥಳವೇ ಇಲ್ಲ. ಅಲ್ಲದೆ ಗೋಡೆ, ಗಾಜು, ತಾರಸಿಗಳಿಗೆ ತಾಗಿದ ಸದ್ದು ಹಿಂದಿರುಗಿ ಮತ್ತೆ ಕಿವಿಯ ಮೇಲೆಯೇ ಬೀಳುತ್ತದೆ.

ಇದರ ಮೇಲೆ ವಾದ್ಯಗಳ ಪೈಪೋಟಿಯೂ ಸೇರುತ್ತದೆ. ಡ್ರಮ್ಮಿನ ಜೋಡಣೆಗೆ ಧ್ವನಿವರ್ಧಕದ ನೆರವೇ ಬೇಡ. ಕಂಚಿನ ತಾಳವನ್ನು ಬಲವಾಗಿ ಬಾರಿಸಿದರೆ ಹತ್ತಿರದಲ್ಲಿ 100 ಡೆಸಿಬಲ್ ದಾಟುವುದು ಸುಲಭ. ಆ ಸದ್ದಿನ ಮೇಲೆ ತನ್ನ ತಂತಿ ಕೇಳಿಸಬೇಕೆಂದು ಗಿಟಾರಿನವನು ಆಂಪ್ಲಿಫೈಯರ್ ಏರಿಸುತ್ತಾನೆ. ತನ್ನ ದನಿ ತನಗೇ ಕೇಳುತ್ತಿಲ್ಲವೆಂದು ಹಾಡುಗಾರ ಮೈಕು ಏರಿಸಲು ಹೇಳುತ್ತಾನೆ. ಸಭಿಕರು ತಮ್ಮತಮ್ಮಲ್ಲಿ ಕೂಗಿ ಮಾತನಾಡಲಾರಂಭಿಸುತ್ತಾರೆ. ಅವರ ಗದ್ದಲವನ್ನು ಮೀರಿಸಲು ಎಲ್ಲವನ್ನೂ ಮತ್ತೊಮ್ಮೆ ಏರಿಸಲಾಗುತ್ತದೆ. ಯಾರದೂ ತಪ್ಪಿಲ್ಲ, ಆದರೂ ಒಂಬತ್ತು ಗಂಟೆಗೆ ಹಿತವಾಗಿದ್ದ ಸದ್ದು ಹತ್ತು ಗಂಟೆಯ ವೇಳೆಗೆ ಎದೆಗೂಡನ್ನೇ ನಡುಗಿಸುತ್ತದೆ.

ಹಿರಿಯರು ಇಲ್ಲಿ ಒಂದು ಮಾತನ್ನು ನೆನೆಯಬೇಕು. ಸದ್ದು ರಾಕ್ ಸಂಗೀತದ ಏಕಸ್ವಾಮ್ಯವಲ್ಲ. ಮದುವೆಮನೆಯ ಮುಚ್ಚಿದ ಮಂಟಪದಲ್ಲಿ ಗಟ್ಟಿಮೇಳದ ತವಿಲು, ಯಕ್ಷಗಾನದ ಚೆಂಡೆ, ಉತ್ಸವದ ಡೊಳ್ಳು ಇವುಗಳನ್ನು ಪಕ್ಕದಲ್ಲೇ ನಿಂತು ಗಂಟೆಗಟ್ಟಲೆ ಕೇಳಿದರೂ ಕಿವಿಯ ಪಾಡು ಅದೇ. ಕಿವಿಗೆ ರಾಗದ ಕುಲಗೋತ್ರ ತಿಳಿಯದು. ಅದಕ್ಕೆ ತಿಳಿಯುವುದು ಸದ್ದಿನ ಬಲ ಮತ್ತು ಅವಧಿ ಎರಡೇ.

ಕಿವಿಯೊಳಗಿನ ವ್ಯಾಪಾರ

ಹೊರಗಿವಿಯಿಂದ ಬಂದ ಧ್ವನಿತರಂಗ ಕಿವಿತಮಟೆಯನ್ನು ಅಲುಗಿಸುತ್ತದೆ. ಅದರ ಹಿಂದೆ ಇರುವ ಮೂರು ಪುಟ್ಟ ಮೂಳೆಗಳು ಆ ಕಂಪನವನ್ನು ಒಳಗಿವಿಗೆ ಒಪ್ಪಿಸುತ್ತವೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಸುತ್ತಿದ, ದ್ರವ ತುಂಬಿದ ನಾಳವೊಂದಿದೆ. ಅದನ್ನು ಬಿಚ್ಚಿ ನೇರವಾಗಿ ಇಟ್ಟರೆ ಸುಮಾರು 35 ಮಿಲಿಮೀಟರ್ ಉದ್ದವಾದೀತು. ಇದರೊಳಗೆ ಸುಮಾರು 15,000 ರೋಮಕೋಶಗಳು ಸಾಲಾಗಿ ನಿಂತಿವೆ. ಪ್ರತಿಯೊಂದರ ನೆತ್ತಿಯ ಮೇಲೂ ಅತಿ ಸೂಕ್ಷ್ಮವಾದ ಕೂದಲುಗಳಂಥ ಎಳೆಗಳಿವೆ. ದ್ರವ ಅಲುಗಿದಾಗ ಈ ಎಳೆಗಳು ಬಾಗುತ್ತವೆ. ಆ ಬಾಗುವಿಕೆಯೇ ನರದ ಮೂಲಕ ಮಿದುಳಿಗೆ ಸುದ್ದಿಯಾಗುತ್ತದೆ.

ಯಾವ ಸ್ವರ ನಾಳದ ಯಾವ ಭಾಗವನ್ನು ಅಲುಗಿಸುತ್ತದೆಂಬುದನ್ನು ಕಂಡುಹಿಡಿದುದಕ್ಕಾಗಿ ಗಿಯೋರ್ಗ್ ಫಾನ್ ಬೆಕೆಸಿ ಎಂಬ ವಿಜ್ಞಾನಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ತಾರಸ್ವರಗಳನ್ನು ಗ್ರಹಿಸುವ ಕೋಶಗಳು ನಾಳದ ಬಾಗಿಲಲ್ಲೇ ಇವೆ. ಮಂದ್ರಸ್ವರದವು ಸುರುಳಿಯ ತುದಿಯಲ್ಲಿವೆ. ಸದ್ದಿನ ಹಾನಿ ಮೊದಲು ತಟ್ಟುವುದು ಬಾಗಿಲ ಕಡೆಯ ಕೋಶಗಳಿಗೆ, ಅದರಲ್ಲಿಯೂ ಸೆಕೆಂಡಿಗೆ 4,000 ಕಂಪನಗಳ ಆಸುಪಾಸಿನ ಸ್ವರವನ್ನು ಗ್ರಹಿಸುವ ಕೋಶಗಳಿಗೆ.

ಗಾಳಿ ಬೀಸಿದಾಗ ಬಾಗಿದ ಭತ್ತದ ಪೈರು ಗಾಳಿ ನಿಂತ ಮೇಲೆ ಮತ್ತೆ ತಲೆಯೆತ್ತುತ್ತದೆ. ಬಿರುಗಾಳಿ ಮರುಕಳಿಸುತ್ತಲೇ ಇದ್ದರೆ ಕೆಲವು ತೆನೆಗಳು ನೆಲಕ್ಕೊರಗಿ ಮತ್ತೆ ಏಳುವುದಿಲ್ಲ. ರೋಮಕೋಶಗಳ ಗತಿಯೂ ಹೀಗೆಯೇ. ರೈತ ಮುಂದಿನ ವರ್ಷ ಮತ್ತೆ ನಾಟಿ ಮಾಡಬಲ್ಲ. ಕಿವಿಗೆ ಎರಡನೆಯ ನಾಟಿ ಇಲ್ಲ. ಪಕ್ಷಿಗಳಲ್ಲಿ ನಾಶವಾದ ರೋಮಕೋಶಗಳು ಮತ್ತೆ ಹುಟ್ಟುತ್ತವೆಂದು 1988ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿದವು. ಆ ಭಾಗ್ಯ ಮನುಷ್ಯನಿಗೆ ಇಲ್ಲ. ಅವುಗಳನ್ನು ಮತ್ತೆ ಬೆಳೆಸುವ ಔಷಧಿ ಇದುವರೆಗೂ ಬಳಕೆಗೆ ಬಂದಿಲ್ಲ.

ಸದ್ದಿನ ಲೆಕ್ಕ

ಡೆಸಿಬಲ್ಲಿನ ಲೆಕ್ಕ ನಾವು ದಿನವೂ ಮಾಡುವ ಕೂಡುವ ಲೆಕ್ಕದಂತಲ್ಲ. 3 ಡೆಸಿಬಲ್ ಹೆಚ್ಚಿದರೆ ಕಿವಿಯ ಮೇಲೆ ಬೀಳುವ ಧ್ವನಿಶಕ್ತಿ ಇಮ್ಮಡಿಯಾಗುತ್ತದೆ; 10 ಹೆಚ್ಚಿದರೆ ಹತ್ತು ಮಡಿಯಾಗುತ್ತದೆ. ಎದುರುಬದುರು ಕುಳಿತು ಆಡುವ ಮಾತು ಸುಮಾರು 60 ಡೆಸಿಬಲ್. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಮುಂದೆ ಪ್ರತಿ 3 ಡೆಸಿಬಲ್ಲಿಗೂ ಅವಧಿ ಅರ್ಧಕ್ಕೆ ಇಳಿಯುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 97ಕ್ಕೆ 30 ನಿಮಿಷ, 100ಕ್ಕೆ 15 ನಿಮಿಷ.

ರಾಕ್ ಕಛೇರಿಗಳಲ್ಲಿ ಸದ್ದು 100 ಡೆಸಿಬಲ್ ಮುಟ್ಟುವುದು ಸಾಮಾನ್ಯ ಸಂಗತಿ. ಕಛೇರಿ ನಡೆಯುವುದು ಎರಡು ಗಂಟೆ ಎಂದಿಟ್ಟುಕೊಂಡರೆ ಒಂದು ಇರುಳಿನಲ್ಲಿ ಎಂಟು ದಿನಗಳ ಪಾಲಿನ ಸದ್ದು ಕಿವಿಯನ್ನು ಸೇರಿದಂತಾಯಿತು. ಕಾರ್ಖಾನೆಯ ಕೆಲಸಗಾರನಿಗೆ ಇಂಥ ಸದ್ದಿನಲ್ಲಿ ಕಿವಿರಕ್ಷೆ ಕೊಡಬೇಕೆಂಬ ನಿಯಮವಿದೆ. ಹಣ ಕೊಟ್ಟು ಒಳಗೆ ಹೋದ ಶ್ರೋತೃವಿಗೆ ಯಾರೂ ಏನನ್ನೂ ಕೊಡುವುದಿಲ್ಲ.

ಕಿವಿಮೊರೆತವೆಂಬ ಮೊದಲ ಎಚ್ಚರಿಕೆ

ಸಭಾಂಗಣದಿಂದ ಹೊರಬಂದಾಗ ಕಿವಿಯಲ್ಲಿ ಹತ್ತಿ ತುರುಕಿದಂತಾಗುವುದು, ದುಂಬಿಯಂತೆ ಗುಂಯ್ಗುಡುವುದು, ಜೊತೆಯವರ ಮಾತು ದೂರದಿಂದ ಬಂದಂತೆ ತೋರುವುದು ಇವೆಲ್ಲ ಬಹಳ ಜನರಿಗೆ ಅನುಭವವಾಗಿರುವ ಸಂಗತಿ. ಇದನ್ನು ವೈದ್ಯರು ತಾತ್ಕಾಲಿಕ ಶ್ರವಣಮಾಂದ್ಯ ಎನ್ನುತ್ತಾರೆ. ಹಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಇದು ಇಳಿಯುತ್ತದೆ. ಇಳಿಯಿತೆಂಬ ಕಾರಣಕ್ಕೆ ಹಾನಿಯಿಲ್ಲವೆಂದು ಬಹುಕಾಲ ನಂಬಲಾಗಿತ್ತು. 2009ರಲ್ಲಿ ಶರನ್ ಕುಜಾವ ಮತ್ತು ಚಾರ್ಲ್ಸ್ ಲಿಬರ್ಮನ್ ಎಂಬ ಅಮೆರಿಕದ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗ ಆ ನಂಬಿಕೆಯನ್ನು ಅಲುಗಿಸಿತು. ಸದ್ದಿಗೆ ಒಡ್ಡಿದ ಇಲಿಗಳ ಶ್ರವಣಮಟ್ಟ ಕೆಲವು ದಿನಗಳಲ್ಲಿ ಮೊದಲಿನಂತಾಯಿತು. ಆದರೆ ರೋಮಕೋಶಗಳಿಗೂ ನರಗಳಿಗೂ ಇರುವ ಬೆಸುಗೆಗಳಲ್ಲಿ ಬಹಳಷ್ಟು ಶಾಶ್ವತವಾಗಿ ಕಳಚಿಹೋಗಿದ್ದವು. ಮನುಷ್ಯನಲ್ಲಿ ಇದು ಎಷ್ಟರ ಮಟ್ಟಿಗೆ ನಡೆಯುತ್ತದೆಂಬ ವಿಚಾರಣೆ ಇನ್ನೂ ಮುಂದುವರಿದಿದೆ. ಮೊರೆತ ಅಡಗಿದೊಡನೆ ಎಲ್ಲವೂ ಸರಿಹೋಯಿತೆಂದು ನಿಶ್ಚಿಂತರಾಗುವಂತಿಲ್ಲ ಎಂಬುದಂತೂ ಸ್ಪಷ್ಟ.

ಮೊರೆತವೇ ನೆಲೆಯೂರಿ ಹಗಲಿರುಳೂ ಉಳಿದುಬಿಟ್ಟರೆ ಅದರ ಹಿಂಸೆ ಅನುಭವಿಸಿದವರಿಗೇ ಗೊತ್ತು. ಇಂಗ್ಲೆಂಡಿನ 'ದಿ ಹೂ' ತಂಡ 1976ರಲ್ಲಿ ಲಂಡನ್ನಿನ ಚಾರ್ಲ್ಟನ್ ಮೈದಾನದಲ್ಲಿ ನುಡಿಸಿದ ಕಛೇರಿ ಅತ್ಯಂತ ಗಟ್ಟಿಯಾದದ್ದೆಂದು ಗಿನ್ನೆಸ್ ಪುಸ್ತಕದಲ್ಲಿ ದಾಖಲಾಯಿತು. ಅದೇ ತಂಡದ ಗಿಟಾರ್ ವಾದಕ ಪೀಟ್ ಟೌನ್‌ಸೆಂಡ್ ತಮ್ಮ ಶ್ರವಣನಷ್ಟವನ್ನೂ ಕಿವಿಮೊರೆತವನ್ನೂ ಬಹಿರಂಗವಾಗಿ ಹೇಳಿಕೊಂಡರು. 'ಎಸಿ/ಡಿಸಿ' ತಂಡದ ಹಾಡುಗಾರ ಬ್ರಯಾನ್ ಜಾನ್ಸನ್ 2016ರಲ್ಲಿ ಕಿವಿಯ ತೊಂದರೆಯಿಂದಾಗಿ ಪ್ರವಾಸವನ್ನೇ ಅರ್ಧದಲ್ಲಿ ನಿಲ್ಲಿಸಬೇಕಾಯಿತು. ಸ್ಯಾನ್‌ಫ್ರಾನ್ಸಿಸ್ಕೋದ ವಾದಕಿ ಕ್ಯಾಥಿ ಪೆಕ್ 1984ರ ಒಂದು ಕಛೇರಿಯ ಬಳಿಕ ಶ್ರವಣಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡರು. 1988ರಲ್ಲಿ ಅವರೇ ವೈದ್ಯರೊಬ್ಬರೊಡಗೂಡಿ ರಾಕ್ ಕಲಾವಿದರಿಗೂ ಶ್ರೋತೃಗಳಿಗೂ ಕಿವಿಯ ರಕ್ಷಣೆಯನ್ನು ತಿಳಿಸಿಕೊಡುವ ಸಂಸ್ಥೆಯನ್ನು ಸ್ಥಾಪಿಸಿದರು. ಎಚ್ಚರಿಕೆಯ ಈ ಮಾತು ರಾಕ್ ಸಂಗೀತದ ವಿರೋಧಿಗಳಿಂದ ಬಂದುದಲ್ಲ, ಅದನ್ನೇ ಬಾಳೆಂದು ಬಾಳಿದವರಿಂದ ಬಂದುದು.

ಹಾಲು, ಸಾಲು, ಕಾಲು, ಪಾಲು

ಶ್ರವಣನಷ್ಟ ಎಂದೊಡನೆ ಲೋಕವೆಲ್ಲ ನಿಶ್ಶಬ್ದವಾಗುವುದೆಂದು ಜನ ಭಾವಿಸುತ್ತಾರೆ. ಸದ್ದಿನಿಂದಾಗುವ ನಷ್ಟ ಹಾಗೆ ಬರುವುದಿಲ್ಲ. ಅದು ಕಳ್ಳನಂತೆ ಬಂದು ಮೊದಲು ತಾರಸ್ವರಗಳನ್ನು ಮಾತ್ರ ಒಯ್ಯುತ್ತದೆ. ಮಾತಿನಲ್ಲಿ ಸ್ವರಾಕ್ಷರಗಳ ಬಲವೆಲ್ಲ ಬಹುಮಟ್ಟಿಗೆ ಕೆಳಗಿನ ಕಂಪನಗಳಲ್ಲಿದೆ. ಸ, ಶ, ಚ, ತ, ಕ ಮೊದಲಾದ ವ್ಯಂಜನಗಳ ಗುರುತು ಮೇಲಿನ ಕಂಪನಗಳಲ್ಲಿದೆ. ಆದ್ದರಿಂದ ಹಾನಿಗೊಳಗಾದ ಕಿವಿಗೆ ಮಾತು ಕೇಳುತ್ತದೆ, ಅದರ ಸ್ಪಷ್ಟತೆ ಮಾತ್ರ ಹೋಗಿರುತ್ತದೆ.

ಕನ್ನಡದಲ್ಲಿಯೇ ನೋಡಬಹುದು. ಹಾಲು, ಸಾಲು, ಕಾಲು, ಪಾಲು. ನಾಲ್ಕರಲ್ಲೂ 'ಆ' ಇದೆ, ನಾಲ್ಕರಲ್ಲೂ 'ಲು' ಇದೆ. ಮೊದಲ ವ್ಯಂಜನವೊಂದನ್ನು ಒರೆಸಿಬಿಟ್ಟರೆ ನಾಲ್ಕೂ ಒಂದೇ. ಶಾಂತವಾದ ಕೋಣೆಯಲ್ಲಿ ಸಂದರ್ಭ ನೋಡಿ ಊಹಿಸಿಕೊಳ್ಳಬಹುದು. ಪಾತ್ರೆ ಸದ್ದಿನ ಅಡುಗೆಮನೆಯಲ್ಲಿ, ಮದುವೆಯ ಗದ್ದಲದಲ್ಲಿ, ಎಳೆ ಮಗುವಿನ ತೊದಲುನುಡಿಯಲ್ಲಿ ಊಹೆ ಸೋಲುತ್ತದೆ. ಹೆಂಗಸರ, ಮಕ್ಕಳ ಸಣ್ಣದನಿ ಮೊದಲು ಮಸಕಾಗುತ್ತದೆ. "ಕೇಳಿಸ್ತು, ಆದರೆ ಗೊತ್ತಾಗಲಿಲ್ಲ" ಎಂಬ ಮಾತು ಬಾಯಲ್ಲಿ ಮತ್ತೆ ಮತ್ತೆ ಬರತೊಡಗುತ್ತದೆ.

ಊರಿನಿಂದ ದೂರ ನೆಲೆಸಿದ ಕನ್ನಡಿಗರಿಗೆ ಈ ನಷ್ಟದ ಬೆಲೆ ಇನ್ನೊಂದು ಪಟ್ಟು ಹೆಚ್ಚು. ಇಲ್ಲಿ ಬೀದಿಯ ಭಾಷೆ ತಮಿಳು, ಕಚೇರಿಯ ಭಾಷೆ ಇಂಗ್ಲಿಷು. ಕನ್ನಡ ಉಳಿದಿರುವುದು ಮನೆಯ ಪಡಸಾಲೆಯಲ್ಲಿ ಮತ್ತು ದೂರವಾಣಿಯಲ್ಲಿ ಬರುವ ಅಜ್ಜಿಯ ದನಿಯಲ್ಲಿ. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಲ್ಲಿ ಕನ್ನಡದ ಲಿಪಿಯನ್ನು ಓದಲಾರದವರು ಅನೇಕರಿದ್ದಾರೆ. ಅವರ ಪಾಲಿಗೆ ಭಾಷೆಗೆ ಇರುವ ಬಾಗಿಲು ಕಿವಿಯೊಂದೇ. ಕಣ್ಣಿನಿಂದ ಪಡೆಯದ ನುಡಿಯನ್ನು ಕಿವಿಯಿಂದಲೂ ಕಳೆದುಕೊಂಡರೆ ಮತ್ತೆ ಎಲ್ಲಿಂದ ತರುವುದು?

ಕಾನೂನು ಯಾರನ್ನು ಕಾಯುತ್ತದೆ?

ಶಬ್ದಮಾಲಿನ್ಯ ನಿಯಂತ್ರಣಕ್ಕೆ ನಮ್ಮ ದೇಶದಲ್ಲಿ 2000ನೆಯ ಇಸವಿಯ ನಿಯಮಗಳಿವೆ. ಅವುಗಳ ಪ್ರಕಾರ ವಸತಿಪ್ರದೇಶದಲ್ಲಿ ಹಗಲು 55, ಇರುಳು 45 ಡೆಸಿಬಲ್ ಮಿತಿ. ಇರುಳು ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಆದರೆ ಸಭಾಂಗಣ, ಔತಣದ ಹಾಲು ಮೊದಲಾದ ಮುಚ್ಚಿದ ಸ್ಥಳಗಳಿಗೆ ಈ ನಿಷೇಧದಿಂದ ವಿನಾಯಿತಿ ಉಂಟು. ಅಂದರೆ ಕಾನೂನು ಕಾಯುವುದು ಹೊರಗೆ ಮಲಗಿರುವ ನೆರೆಯವರ ನಿದ್ದೆಯನ್ನು. ಬಾಗಿಲು ಮುಚ್ಚಿದ ಮೇಲೆ ಒಳಗಿರುವವರ ಕಿವಿಯನ್ನು ಕಾಯುವ ಹೊಣೆ ಅವರವರದೇ.

ಈ ಕೊರತೆಯನ್ನು ಮನಗಂಡು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ತಾಣಗಳಿಗಾಗಿ ಒಂದು ಮಾನಕವನ್ನು ಪ್ರಕಟಿಸಿತು. ಸರಾಸರಿ ಸದ್ದು 100 ಡೆಸಿಬಲ್ ಮೀರಬಾರದು, ಅದನ್ನು ಅಳೆಯುತ್ತಿರಬೇಕು, ಕೋಣೆಯ ಧ್ವನಿವ್ಯವಸ್ಥೆ ಹದವಾಗಿರಬೇಕು, ಕಿವಿರಕ್ಷೆಗಳು ಬಂದವರಿಗೆ ದೊರೆಯಬೇಕು, ಕಿವಿಗೆ ವಿಶ್ರಾಂತಿ ಕೊಡಲು ಶಾಂತವಾದ ಮೂಲೆಯೊಂದು ಇರಬೇಕು, ಸಿಬ್ಬಂದಿಗೂ ಸಭಿಕರಿಗೂ ತಿಳಿವಳಿಕೆ ಕೊಡಬೇಕು. ಇವು ಆರು ಅಂಶಗಳು. ಜಗತ್ತಿನ ನೂರು ಕೋಟಿಗೂ ಮಿಕ್ಕ ತರುಣರು ಅಸುರಕ್ಷಿತ ಆಲಿಸುವಿಕೆಯಿಂದ ಶ್ರವಣನಷ್ಟದ ಅಪಾಯದಲ್ಲಿದ್ದಾರೆಂದು ಅದೇ ಸಂಸ್ಥೆ ಅಂದಾಜು ಮಾಡಿದೆ.

ಪಾಲಿಸಬೇಕಾದ ಕ್ರಮಗಳು

ಕಛೇರಿಗೆ ಹೋಗಬೇಡಿರೆಂದು ಹೇಳುವ ಅಗತ್ಯವಿಲ್ಲ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆಯನ್ನು ನೆನಪಿನಲ್ಲಿಟ್ಟು ಈ ಕೆಲವು ಕ್ರಮಗಳನ್ನು ಅನುಸರಿಸಿದರೆ ಸಾಕು.

ಮೊದಲನೆಯದು, ಜೇಬಿನಲ್ಲಿ ಕಿವಿಬೆಣೆ ಇರಲಿ. ಔಷಧದಂಗಡಿಗಳಲ್ಲಿ 'ಇಯರ್‌ಪ್ಲಗ್' ಎಂದು ಕೇಳಿದರೆ ಸ್ಪಂಜಿನಂಥ ಮೃದುವಾದ ಬೆಣೆಗಳು ಅಲ್ಪಬೆಲೆಗೆ ದೊರೆಯುತ್ತವೆ. ಶುದ್ಧವಾದ ಕೈಯಿಂದ ಅದನ್ನು ಬತ್ತಿಯಂತೆ ಹೊಸೆದು ಸಣ್ಣದಾಗಿಸಬೇಕು. ಮತ್ತೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದು ಒಳಗೆ ತೂರಿಸಬೇಕು. ಅದು ಅರಳಿಕೊಳ್ಳುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿದಿರಬೇಕು. ಸರಿಯಾಗಿ ಕೂತರೆ 20 ಡೆಸಿಬಲ್ಲಿಗೂ ಹೆಚ್ಚು ಸದ್ದನ್ನು ಅದು ತಡೆಯಬಲ್ಲದು. ಸ್ವರದ ಬಣ್ಣ ಕೆಡದಂತೆ ಎಲ್ಲ ಶ್ರುತಿಗಳನ್ನೂ ಸಮನಾಗಿ ತಗ್ಗಿಸುವ, ಸಂಗೀತಗಾರರಿಗೆಂದೇ ಮಾಡಿದ ಬೆಣೆಗಳೂ ಇವೆ. ಮೇಲಿಂದ ಮೇಲೆ ಹೋಗುವವರಿಗೂ ತಂಡದಲ್ಲಿ ನುಡಿಸುವವರಿಗೂ ಅವು ಉತ್ತಮ. ಅಡುಗೆಮನೆಯ ಹತ್ತಿಯ ಉಂಡೆಯಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ.

ಎರಡನೆಯದು, ನಿಲ್ಲುವ ಸ್ಥಳ. ಧ್ವನಿಪೆಟ್ಟಿಗೆಯ ಎದುರಿಗೆ ನಿಲ್ಲಬಾರದು. ಧ್ವನಿ ನಿಯಂತ್ರಿಸುವವನು ಕೂರುವ ಮೇಜಿನ ಆಸುಪಾಸಿನಲ್ಲಿ ಸಂಗೀತ ಸಮತೋಲವಾಗಿ ಕೇಳುತ್ತದೆ. ಅವನು ಹದಮಾಡುವುದೇ ತನ್ನ ಕಿವಿಗೆ ಕೇಳುವಂತೆ.

ಮೂರನೆಯದು, ಬಿಡುವು. ಗಂಟೆಗೊಮ್ಮೆ ಹತ್ತು ನಿಮಿಷ ಹೊರಗೆ ಬಂದು ಕಿವಿಗೆ ಮೌನವನ್ನು ಕೊಡಬೇಕು. ಮನೆಗೆ ಹಿಂದಿರುಗುವ ದಾರಿಯಲ್ಲಿ ಮತ್ತೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುವುದು ಗಾಯದ ಮೇಲೆ ಬರೆ ಎಳೆದಂತೆ.

ನಾಲ್ಕನೆಯದು, ಅಳತೆ. ಒಂದು ಮೊಳ ದೂರದಲ್ಲಿರುವವನೊಡನೆ ಕೂಗಿ ಮಾತನಾಡಬೇಕಾದರೆ ಸದ್ದು ಅಪಾಯದ ಗೆರೆ ದಾಟಿದೆಯೆಂದು ತಿಳಿಯಬೇಕು. ಮೊಬೈಲ್ ಫೋನಿನಲ್ಲಿ ಸದ್ದನ್ನು ಅಳೆಯುವ ಸಾಧನಗಳೂ ಈಗ ಲಭ್ಯವಿವೆ. ಅವು ತೋರಿಸುವ ಅಂಕಿ ಸ್ಥೂಲವಾದದ್ದಾದರೂ ಎಚ್ಚರಿಕೆಗೆ ಸಾಕು.

ಐದನೆಯದು, ಮಕ್ಕಳು. ಚಿಕ್ಕ ಮಕ್ಕಳನ್ನು ಇಂಥಲ್ಲಿಗೆ ಕರೆದೊಯ್ಯದಿರುವುದೇ ಒಳ್ಳೆಯದು. ಬಯಲು ಕಛೇರಿಗೆ ಕರೆದೊಯ್ದರೂ ಕಿವಿಯನ್ನು ಪೂರ್ತಿ ಮುಚ್ಚುವ ರಕ್ಷೆಯನ್ನು ತೊಡಿಸಬೇಕು.

ತಂಡಗಳಲ್ಲಿ ನುಡಿಸುವವರು ಮತ್ತೂ ಒಂದನ್ನು ಗಮನಿಸಬೇಕು. ಶ್ರೋತೃವಿಗೆ ವಾರಕ್ಕೊಂದು ಇರುಳಾದರೆ ಅವರಿಗೆ ಅಭ್ಯಾಸದ ಕೋಣೆಯ ದಿನಗಳೂ ಲೆಕ್ಕಕ್ಕೆ ಸೇರುತ್ತವೆ. ಕೋಣೆಯ ಗೋಡೆಗೆ ದಪ್ಪ ಪರದೆ, ನೆಲಕ್ಕೆ ಜಮಖಾನ ಹಾಕಿ, ಡ್ರಮ್ಮನ್ನು ಮೆಲ್ಲಗೆ ನುಡಿಸುವ ಅಭ್ಯಾಸ ಮಾಡಿಕೊಂಡರೆ ಉಳಿದ ವಾದ್ಯಗಳೂ ತಾವಾಗಿ ತಗ್ಗುತ್ತವೆ.

ಪರೀಕ್ಷೆ ಯಾವಾಗ, ಎಲ್ಲಿ?

ಕಿವಿಮೊರೆತ ಎರಡು ದಿನ ಕಳೆದರೂ ಅಡಗದಿದ್ದರೆ ಕಿವಿ ಮೂಗು ಗಂಟಲಿನ ತಜ್ಞರನ್ನು ಕಾಣಬೇಕು. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಒಂದು ದಿನವನ್ನೂ ಕಾಯದೆ ಹೋಗಬೇಕು. ಅಂಥ ಸಂದರ್ಭದಲ್ಲಿ ಚಿಕಿತ್ಸೆ ಬೇಗ ಆರಂಭವಾದಷ್ಟೂ ಕೇಳಿಕೆ ಮರಳುವ ಸಂಭವ ಹೆಚ್ಚು. ಬೆಚ್ಚಗಿನ ಎಣ್ಣೆ ಬಿಡುವ ಮನೆಮದ್ದು ಈ ತೊಂದರೆಗೆ ಉಪಯೋಗವಿಲ್ಲ. ಕಿವಿತಮಟೆಯಲ್ಲಿ ರಂಧ್ರವಿದ್ದರೆ ಅದರಿಂದ ಕೇಡೇ ಆದೀತು.

ಶ್ರವಣಪರೀಕ್ಷೆ ನೋವಿಲ್ಲದ್ದು. ಸದ್ದು ನುಗ್ಗದ ಕೋಣೆಯಲ್ಲಿ ಕುಳ್ಳಿರಿಸಿ, ಮಂದ್ರದಿಂದ ತಾರದವರೆಗೆ ಬೇರೆಬೇರೆ ಶ್ರುತಿಗಳನ್ನು ಮೆಲ್ಲಗೆ ಕೇಳಿಸಿ, ಕೇಳಿದಾಗ ಗುಂಡಿ ಒತ್ತಲು ಹೇಳುತ್ತಾರೆ. ಅದರಿಂದ ದೊರೆಯುವ ರೇಖೆಯಲ್ಲಿ 4,000 ಕಂಪನಗಳ ಬಳಿ ಹಳ್ಳ ಕಂಡರೆ ಅದು ಸಾಮಾನ್ಯವಾಗಿ ಸದ್ದಿನ ಹೆಜ್ಜೆಗುರುತು. ಪೋರೂರಿನವರು ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. 1985ರಲ್ಲಿ ಆರಂಭವಾದ ಶ್ರೀ ರಾಮಚಂದ್ರ ವೈದ್ಯಕೀಯ ಸಂಸ್ಥೆಯಲ್ಲಿ ವಾಕ್ ಮತ್ತು ಶ್ರವಣದ ಪ್ರತ್ಯೇಕ ವಿಭಾಗವೇ ಇದೆ. ರಜೆಯಲ್ಲಿ ಊರಿಗೆ ಹೋಗುವವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿದ ಸಂಸ್ಥೆ ಕನ್ನಡನಾಡಿನಲ್ಲಿದೆ ಎಂಬುದು ಹೆಮ್ಮೆಯ ಸಂಗತಿ. ಇಪ್ಪತ್ತರ ಹರೆಯದಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ ಆ ರೇಖೆಯನ್ನು ಜೋಪಾನವಾಗಿ ಇಟ್ಟುಕೊಂಡರೆ ಮುಂದಿನ ಪರೀಕ್ಷೆಗಳಿಗೆ ಅದೇ ಅಳತೆಗೋಲಾಗುತ್ತದೆ.

ಮತ್ತೆ ಶನಿವಾರ ಬರುತ್ತದೆ. ಪುಟ್ಟ ಸಭಾಂಗಣದಲ್ಲಿ ದೀಪಗಳು ಮಂದವಾಗುತ್ತವೆ, ಡ್ರಮ್ಮಿನ ಕೋಲುಗಳು ನಾಲ್ಕು ಬಾರಿ ತಟ್ಟುತ್ತವೆ, ಹೊಸ ಹಾಡೊಂದು ಹುಟ್ಟುತ್ತದೆ. ಅದನ್ನು ಕೇಳಲು ಹೋಗುವ ಮಗನ ಕೈಗೆ ತಾಯಿ ಮನೆಯ ಬೀಗದ ಕೈಯೊಡನೆ ಕಿವಿಬೆಣೆಯ ಪುಟ್ಟ ಡಬ್ಬಿಯನ್ನೂ ಕೊಟ್ಟು ಕಳುಹಿಸಲಿ. ನಡುರಾತ್ರಿ ಬಾಗಿಲು ತೆರೆದು "ಸಾರು ಬಿಸಿ ಮಾಡಲಾ?" ಎಂದು ಮೆಲುದನಿಯಲ್ಲಿ ಕೇಳಿದಾಗ ಅವನಿಗೆ ಆ ಮಾತು ಮೊದಲ ಸಲಕ್ಕೇ ಕೇಳಿಸಲಿ. ಇಪ್ಪತ್ತು ವರ್ಷಗಳ ಮೇಲೆ ಅವನ ಮಗು "ಅಪ್ಪಾ, ಹಾಲು" ಎಂದಾಗಲೂ ಕೇಳಿಸಲಿ.